ಒಂದು ಲೋಟ ಶರಬತ್ತು ಮುಗಿಯುವ ತನಕ

ಒಂದು ಲೋಟ ನಿಂಬೆ ಶರಬತ್ತನ್ನು ಎಷ್ಟು ಹೊತ್ತಿನಲ್ಲಿ ಕುಡಿದು ಮುಗಿಸಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ. ರಾಜ್ಯಗಳು ಎದ್ದಿವೆ, ಬಿದ್ದಿವೆ. ಪಂಡಿತರು ಆತ್ಮ ಇದೆಯೋ ಇಲ್ಲವೋ ಎಂದು ಗಡ್ಡ ನೆರೆಯುವ ತನಕ ವಾದಿಸಿದ್ದಾರೆ. ಈ ಪ್ರಶ್ನೆಯನ್ನು ಮಾತ್ರ ಯಾರೂ ಕೈಗೆತ್ತಿಕೊಂಡಿರಲಿಲ್ಲ. ಕೊನೆಗೆ ಅದು ಇತ್ಯರ್ಥವಾದದ್ದು ಹಳೆ ಗಾಡಿಗಳನ್ನು ಮಾರುವ ಒಂದು ಮೈದಾನದಲ್ಲಿ, ಮುಂದಿನ ಚಕ್ರಗಳಿಗೆ ಗಾಳಿಯಿಲ್ಲದ, ಎಂಜಿನ್ನು ಮುಂದಕ್ಕೆ ಚಾಚಿದ ಒಂದು ಮೂತಿ ಬಸ್ಸಿನ ಎದುರು, ಮೈದಾನದ ದಲ್ಲಾಳಿಗಳೆಲ್ಲ ಮನೆಗೆ ಹೋಗಲಾಗದೆ ಒದ್ದಾಡುತ್ತಿದ್ದಾಗ.

ಆ ಮೈದಾನದ ಕಟ್ಟಳೆ ಹೀಗಿತ್ತು. ಮಾರುವವನೂ ಕೊಳ್ಳುವವನೂ ಒಂದು ಬೆಲೆಗೆ ಬಂದ ಕೂಡಲೇ ಮೂಲೆಯ ಅಂಗಡಿಯಿಂದ ಎರಡು ಸ್ಟೀಲ್ ಲೋಟ ಶರಬತ್ತು ಬರಬೇಕು. ಇಬ್ಬರೂ ಕುಡಿದು ಲೋಟವನ್ನು ಗಾಡಿಯ ಮೂತಿಯ ಮೇಲೆ ಬೋರಲು ಹಾಕಬೇಕು. ಬೋರಲು ಬಿದ್ದ ಲೋಟ ಎಂದರೆ ಮುಗಿಯಿತು. ಆಮೇಲೆ ಎಂಜಿನ್ನೇ ಕಳಚಿ ಕೆಳಗೆ ಬಿದ್ದರೂ ಮಾತು ಬೀಳುವಂತಿಲ್ಲ. ಲೋಟದಲ್ಲಿ ಹನಿ ಉಳಿದಿರುವ ತನಕ ಮಾತ್ರ ಬೆಲೆಯನ್ನು ಏರಿಸುವ ಇಳಿಸುವ ಹಕ್ಕು ಉಂಟು. ಆ ಹಕ್ಕನ್ನು ಯಾರಾದರೂ ಬಳಸಿದ್ದನ್ನು ಕಂಡವರಿಲ್ಲ, ಏಕೆಂದರೆ ಅಲ್ಲಿ ಎಲ್ಲರೂ ಕುಡಿಯುತ್ತಿದ್ದದ್ದು ಒಂದೇ ಉಸಿರಿಗೆ. ಗುಟುಕು ಗುಟುಕಾಗಿ ಕುಡಿಯುವವನ ಮನಸ್ಸಿನಲ್ಲಿ ಏನೋ ಕಪಟವಿದೆ ಎಂದೇ ಅಲ್ಲಿನವರ ಲೆಕ್ಕ.

ಈ ಒಂದೇ ಉಸಿರಿನ ವಿದ್ಯೆಯಲ್ಲಿ ಟ್ಯಾಂಕರಣ್ಣನನ್ನು ಮೀರಿಸಿದವರಿರಲಿಲ್ಲ. ಹೆಸರು ಬಂದದ್ದೇ ಹಾಗೆ. ಎದುರಿನವನು ಮೊಣಕೈ ಎತ್ತುವಷ್ಟರಲ್ಲಿ ಈತನ ಲೋಟ ಬೋರಲಾಗಿ ಟಣ್ ಎನ್ನುತ್ತಿತ್ತು. ಗಂಟಲಲ್ಲಿ ನುಂಗಿದ ಗುರುತೇ ಕಾಣುತ್ತಿರಲಿಲ್ಲ. ಶರಬತ್ತು ತಾನಾಗಿಯೇ ದಾರಿ ಗೊತ್ತುಮಾಡಿಕೊಂಡು ಇಳಿದು ಹೋಗುತ್ತಿತ್ತು. ಅದರ ಹಿಂದೆಯೇ ಬೋಂಡ, ಬನ್ನು, ಕರಿದದ್ದು, ಹುರಿದದ್ದು ಎಲ್ಲವೂ ಇಳಿಯುತ್ತಿದ್ದವು. ಹಾಗೆ ಇಳಿದದ್ದೆಲ್ಲ ಒಳಗೆ ನೆಲೆನಿಂತು, ಕೊನೆಗೆ ಟ್ಯಾಂಕರಣ್ಣ ಕಾರಿನಿಂದ ಇಳಿಯಬೇಕಾದರೆ ಕಾರನ್ನೇ ಸ್ವಲ್ಪ ಓರೆ ಮಾಡಬೇಕಾದ ಸ್ಥಿತಿ ಬಂತು. ಡಾಕ್ಟರು ಒಂದು ದಿನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಡಾಕ್ಟರು ಕನ್ನಡಕ ತೆಗೆದರೆಂದರೆ ತಮಾಷೆ ಮುಗಿಯಿತೆಂದೇ ಅರ್ಥ.

"ಹೊಟ್ಟೆಯ ಚೀಲವನ್ನು ಕತ್ತರಿಸಿ, ಬಾಳೆಹಣ್ಣಿನ ಗಾತ್ರದ್ದು ಉಳಿಸೋಣ," ಎಂದರು.

"ಒಂದು ಬಾಳೆಹಣ್ಣಾ, ಒಂದು ಚಿಪ್ಪಾ ಡಾಕ್ಟ್ರೇ?" ಎಂದು ಟ್ಯಾಂಕರಣ್ಣ ಚೌಕಾಸಿಗೆ ಇಳಿದ. ವೃತ್ತಿ ಬಿಡುತ್ತದೆಯೇ.

ಮೈದಾನದಲ್ಲಿ ಆತ ಈ ಸಂಗತಿಯ ಬಗ್ಗೆ ಉಸಿರೆತ್ತಲಿಲ್ಲ. ಹವಾ ಬದಲಾವಣೆಗೆ ಅಕ್ಕನ ಮನೆಗೆ ಹೋಗುತ್ತೇನೆ ಎಂದು ಹೇಳಿ ಹೋಗಿ ಆಸ್ಪತ್ರೆಯಲ್ಲಿ ಮಲಗಿದ. ಟ್ಯಾಂಕರ್ ಎಂದು ಹೆಸರು ಹೊತ್ತವನ ಹೊಟ್ಟೆ ಬಾಳೆಹಣ್ಣಿಗೆ ಇಳಿದಿದೆ ಎಂದು ಗೊತ್ತಾದರೆ ಯಾವ ಮುಖ ಹೊತ್ತು ಗಾಡಿ ಮಾರುವುದು?

ಆಪರೇಷನ್ ಸುಲಭವಾಗಿಯೇ ಮುಗಿಯಿತು. ಕಷ್ಟ ಶುರುವಾದದ್ದು ಮನೆಗೆ ಬಂದ ಮೇಲೆ. ಆಸ್ಪತ್ರೆಯ ಪಥ್ಯದ ಮೇಡಂ ಹೇಳಿ ಕಳಿಸಿದ ನಿಯಮಗಳನ್ನು ಆತ ಕೇಳಿಸಿಕೊಂಡಿರಲಿಲ್ಲ; ಹೆಂಡತಿ ಕೇಳಿಸಿಕೊಂಡಿದ್ದಳು. ಆಕೆ ಶಿಶುವಿಹಾರದ ಟೀಚರು. ಉಣ್ಣಲು ಒಲ್ಲದವರನ್ನೂ ಉಗುಳುವವರನ್ನೂ ಊಟದ ಡಬ್ಬಿಯ ವಿಚಾರದಲ್ಲಿ ಸುಳ್ಳು ಹೇಳುವವರನ್ನೂ ವರ್ಷಗಟ್ಟಲೆ ಪಳಗಿಸಿದ ಕೈ. ಗಂಡ ಆಕೆಗೆ ಹೊಸ ಬಗೆಯ ವಿದ್ಯಾರ್ಥಿಯೇನೂ ಆಗಿರಲಿಲ್ಲ, ಗಾತ್ರ ಮಾತ್ರ ದೊಡ್ಡದು.

ಮೊದಲು ಊಟದ ತಟ್ಟೆ ಹೋಗಿ ಕಪ್ಪಿನ ಕೆಳಗಿನ ಸಾಸರು ಬಂತು. ಸಾಸರಿನ ನಡುವೆ ಬೇಯಿಸಿದ ಮೊಟ್ಟೆಯ ಒಂದು ಹೋಳು, ದ್ವೀಪದಂತೆ.

"ಅಗೀರಿ," ಎಂದಳು.

"ಅಗಿದೆ ಕಣೇ."

"ಬಾಯಿ ತೆಗೀರಿ ನೋಡೋಣ."

ತೆಗೆದ.

"ಇನ್ನೂ ಮೊಟ್ಟೆ ಅಂತ ಗೊತ್ತಾಗ್ತಿದೆ. ಏನು ತಿಂತಿದೀರಿ ಅಂತ ನಿಮಗೇ ಗೊತ್ತಾಗಬಾರದು. ಅಗೀರಿ."

"ಗೊತ್ತಾಗದೆ ಇರೋದಾದ್ರೆ ತಿನ್ನೋದು ಯಾಕೆ?"

"ಬಾಯಲ್ಲಿ ಇಟ್ಕೊಂಡು ಮಾತಾಡ್ಬೇಡಿ."

ಊಟದ ಜೊತೆ ನೀರು ಕುಡಿಯುವಂತಿಲ್ಲ. ಅದಕ್ಕೆ ಅರ್ಧ ಗಂಟೆ ಮುಂಚೆಯೂ ಇಲ್ಲ, ಅರ್ಧ ಗಂಟೆ ಆಮೇಲೂ ಇಲ್ಲ. ಕುಡಿಯುವಾಗ ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ, ತುಟಿ ಒದ್ದೆಯಾಗುವಷ್ಟು, ನಡುನಡುವೆ ನಿಲ್ಲಿಸಿ. ಸಕ್ಕರೆ ಕಂಡರೆ ಕೈಮುಗಿದು ದೂರ ಸರಿಯಬೇಕು. ಇಲ್ಲದಿದ್ದರೆ ಮೈಯೆಲ್ಲ ಬೆವರಿ, ಎದೆ ಢವಢವ ಬಡಿದು, ಹಾಸಿಗೆ ಹುಡುಕಬೇಕಾಗುತ್ತದೆ. ಇದನ್ನೆಲ್ಲ ಹೊಟ್ಟೆ ಒಪ್ಪಿಕೊಂಡಿತ್ತು, ಅದಕ್ಕೆ ಬೇರೆ ದಾರಿಯಿರಲಿಲ್ಲ. ಬಾಯಿಗೆ ಮಾತ್ರ ಸುದ್ದಿ ಇನ್ನೂ ತಲುಪಿರಲಿಲ್ಲ. ಅದು ಹಳೆಯ ಗೋದಾಮಿಗೆಂದೇ ಆರ್ಡರ್ ಕೊಡುತ್ತಾ ಕುಳಿತಿತ್ತು.

ಹೊಟ್ಟೆ ತುಂಬಿದ್ದು ತಿಳಿಯಲು ಹೊಸ ಹೊಟ್ಟೆ ಒಂದು ಸೂಚನೆಯನ್ನು ಗೊತ್ತುಮಾಡಿಕೊಂಡಿತ್ತು: ಸೀನು. ಕೊನೆಯ ತುತ್ತು ಹಿಡಿಸದೆ ಹೋದರೆ ಟ್ಯಾಂಕರಣ್ಣ ಸೀನುತ್ತಿದ್ದ. ಸೀನಿದ ಕ್ಷಣ ಹೆಂಡತಿ ಸಾಸರು ಎತ್ತುತ್ತಿದ್ದಳು. ಒಮ್ಮೆ ಆಕೆ ಕಪಾಟಿನ ಧೂಳು ಒರೆಸುವಾಗ ಆತನಿಗೆ ಸೀನು ಬಂತು. ಸಾಸರಿನಲ್ಲಿ ಮೀನಿನ ತುಂಡು ಮುಟ್ಟದೆ ಕುಳಿತಿತ್ತು.

"ಅದು ಧೂಳಿನ ಸೀನು ಕಣೇ! ಊಟದ್ದಲ್ಲ!"

"ಸೀನಿಗೆ ಹಣೆಪಟ್ಟಿ ಇರುತ್ತಾ?" ಎಂದು ಆಕೆ ಸಾಸರು ಒಯ್ದಳು. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಆದರೂ ಮೈ ಇಳಿಯುತ್ತಾ ಬಂತು. ಮಂಡಿ ನೋವು ಹೋಯಿತು. ಕೆಳಗೆ ಬಗ್ಗಿ ನೋಡಿದರೆ ಪಾದಗಳು ಕಾಣತೊಡಗಿದವು. ಎಷ್ಟೋ ವರ್ಷದ ಮೇಲೆ ಊರಿಗೆ ಬಂದ ನೆಂಟರನ್ನು ನೋಡುವಂತೆ ಆತ ಅವನ್ನು ನೋಡಿದ. ಸುಖವಾಗಿಯೇ ಇದ್ದ, ಮೈದಾನದಿಂದ ಶರಬತ್ತಿನ ಭಾವ ಫೋನು ಮಾಡುವ ತನಕ.

ಶರಬತ್ತಿನ ಭಾವ ಯಾರಿಗೂ ನಿಜವಾದ ಭಾವನಲ್ಲ. ಮೂಲೆಯ ಅಂಗಡಿಯವನು, ಎಲ್ಲರಿಗೂ ಭಾವ. "ಅಣ್ಣ, ಅಕ್ಕನ ಮನೇಲಿ ಇನ್ನೂ ಎಷ್ಟು ದಿನ ಇರ್ತೀಯ? ನಾಳೆಗೆ ನೀನು ಲೋಟ ಬೋರಲು ಹಾಕಿ ತಿಂಗಳಾಯ್ತು. ಮೀಸೆ ಆಗಲೇ ನಿನ್ನ ಜಾಗ ಗುಡಿಸೋಕೆ ಪೊರಕೆ ತಂದಿದ್ದಾನೆ."

ಗೇಟಿನ ಪಕ್ಕದ ಜಾಗ ಟ್ಯಾಂಕರಣ್ಣನಿಗೆ ಅಪ್ಪನಿಂದ ಬಂದದ್ದು. ಮೈದಾನಕ್ಕೆ ಕಾಲಿಟ್ಟವನು ಮೊದಲು ನೋಡುವುದೇ ಅಲ್ಲಿನ ಗಾಡಿಯನ್ನು. ಅಲ್ಲಿ ನಿಂತವನು ದಲ್ಲಾಳಿ. ಒಳಗೆ ಕಾಂಪೌಂಡಿನ ಮೂಲೆಯಲ್ಲಿ ನಿಂತವನು ನೊಣ ಹೊಡೆಯುವವನು. ಆದರೆ ತಿಂಗಳಿಡೀ ಒಂದೂ ವ್ಯಾಪಾರ ಮುಗಿಸದವನು ಜಾಗ ಬಿಡಬೇಕು, ಮುಂದಿನವನು ಬಂದು ಕೂರಬೇಕು. ಮುಂದಿನವನೆಂದರೆ ಮೀಸೆ ಎಂದು ಕರೆಸಿಕೊಳ್ಳುವ ದಲ್ಲಾಳಿ. ಮೀಸೆಗೆ ಮೀಸೆ ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ; ಆ ಜಾಗ ಸಿಕ್ಕಿದರೆ ಇರುತ್ತಿತ್ತು.

ಮರುದಿನ ಟ್ಯಾಂಕರಣ್ಣ ಮೈದಾನಕ್ಕೆ ಬಂದ. ಹಳೆ ಅಂಗಿ ಮೈಮೇಲೆ ಗುಡಾರದಂತೆ ನಿಂತಿತ್ತು. ಒಳಗೆಲ್ಲೋ ಆತ ಇದ್ದ.

"ಏನಣ್ಣ, ನಿಮ್ಮಕ್ಕ ಊಟಕ್ಕೆ ಹಾಕ್ಲಿಲ್ವಾ?" ಎಂದ ಮೀಸೆ.

"ಅಲ್ಲಿ ನೀರು ಒಗ್ಗಲಿಲ್ಲ."

"ನೀರು ಒಗ್ಗದೆ ಹೀಗಾದ್ರೆ, ಅಲ್ಲಿಂದ ಒಂದು ಬಾಟ್ಲಿ ನನ್ನ ಹೆಂಡ್ತಿಗೂ ತಂದ್ಕೊಡಬಾರದಿತ್ತಾ?"

ನಗು ಇಡೀ ಮೈದಾನ ಸುತ್ತಿ ಬಂತು. ಟ್ಯಾಂಕರಣ್ಣ ನಗುತ್ತಲೇ ಭಾವನ ಅಂಗಡಿಯ ಹಿಂದೆ ಹೋಗಿ, ಅವನೊಬ್ಬನಿಗೆ ನಿಜ ಹೇಳಿದ. ಭಾವ ಬಾಯಿ ಬಿಟ್ಟುಕೊಂಡು ಕೇಳಿದ.

"ಬಾಳೆಹಣ್ಣಾ?"

"ಮೆಲ್ಲಗೆ ಮಾತಾಡು ಮಾರಾಯ. ಇವತ್ತು ಹೇಗಾದ್ರೂ ನನ್ನ ಆ ಮೂತಿ ಬಸ್ಸು ಮಾರಿ ದಾಟಿಸ್ತೀನಿ. ಲೋಟ ಬಂದಾಗ ನನ್ನ ಲೋಟಕ್ಕೆ ಎರಡೇ ಗುಟುಕು ಹಾಕು. ಸಕ್ಕರೆ ಬೇಡ, ಉಪ್ಪು ಹಾಕು. ಸ್ಟೀಲ್ ಲೋಟ, ಒಳಗೆಷ್ಟಿದೆ ಅಂತ ಯಾರಿಗೆ ಕಾಣುತ್ತೆ?"

"ತಟ್ಟೆಯಲ್ಲಿ ಎಡಗಡೆ ನಿಂದು. ಬಲಗಡೆ ಅವರದು," ಎಂದು ಭಾವ ಪ್ರಮಾಣ ಮಾಡುವವನಂತೆ ಎದೆ ಮುಟ್ಟಿಕೊಂಡ.

ಬಸ್ಸನ್ನು ನೋಡಲು ಬಂದದ್ದು ಡ್ರೈವಿಂಗ್ ಸ್ಕೂಲಿನ ಮೇಡಂ. ಕಲಿಯುವವರು ಗುದ್ದುತ್ತಾರೆ, ಗೋಡೆಗೆ ಉಜ್ಜುತ್ತಾರೆ, ಹಿಂದಕ್ಕೆ ಎಂದರೆ ಮುಂದಕ್ಕೆ ಹೋಗುತ್ತಾರೆ. ಅದಕ್ಕೆ ತಕ್ಕ, ಇನ್ನು ಹಾಳಾಗಲು ಏನೂ ಉಳಿದಿರದ ಬಸ್ಸು ಆಕೆಗೆ ಬೇಕಿತ್ತು. ಈ ವಿಷಯದಲ್ಲಿ ಟ್ಯಾಂಕರಣ್ಣನ ಮೂತಿ ಬಸ್ಸಿಗೆ ಸಾಟಿಯಿರಲಿಲ್ಲ. ಆಕೆ ಮಧ್ಯಾಹ್ನವೆಲ್ಲ ಅದನ್ನು ಒದ್ದು, ತಟ್ಟಿ, ಕೆಳಗೆ ತೂರಿ ನೋಡಿದಳು. ವೈಪರ್ ಹಾಕಿಸಿಕೊಡಬೇಕು, ಹಾರ್ನ್ ರಿಪೇರಿಯಾಗಬೇಕು, ಎರಡು ಟಯರು ಹೊಸತು ಬೇಕು ಎಂದಳು. ಸಂಜೆಯ ಬಿಸಿಲು ಇಳಿಯುವ ಹೊತ್ತಿಗೆ ಇಬ್ಬರೂ ಒಂದು ಬೆಲೆಗೆ ಬಂದರು. ಭಾವ ತಟ್ಟೆ ಹಿಡಿದು ಬಂದ. ಎಡಗಡೆಯದು ಎಡಗಡೆಯೇ ಇತ್ತು.

ಕಟ್ಟಳೆಯ ಇನ್ನೊಂದು ತುಣುಕನ್ನು ಈವರೆಗೆ ಹೇಳದೆ ಬಿಟ್ಟದ್ದಕ್ಕೆ ಕಾರಣವಿದೆ: ಅದು ಟ್ಯಾಂಕರಣ್ಣನಿಗೇ ಮರೆತುಹೋಗಿತ್ತು. ಕುಡಿಯುವ ಮುಂಚೆ ಇಬ್ಬರೂ ಲೋಟ ಬದಲಾಯಿಸಿಕೊಳ್ಳಬೇಕು. ನಿನ್ನ ಲೋಟದಲ್ಲಿ ವಿಷವಿಲ್ಲ, ನನ್ನ ಮನಸ್ಸಿನಲ್ಲೂ ಇಲ್ಲ ಎಂಬ ಅರ್ಥ ಇರಬಹುದು, ಯಾರೂ ಕೇಳಿದವರಿಲ್ಲ. ಎಷ್ಟೋ ಸಾವಿರ ಸಲ ಮಾಡಿದ ಕೆಲಸವಾದ್ದರಿಂದ ಕೈ ತಾನಾಗಿಯೇ ಮಾಡುತ್ತಿತ್ತು, ತಲೆಗೆ ತಿಳಿಸುತ್ತಿರಲಿಲ್ಲ. ಇವತ್ತೂ ಕೈ ಹಾಗೆಯೇ ಮಾಡಿತು. ಲೋಟ ಕೈಯಲ್ಲಿ ಭಾರವಾಗಿ ಕುಳಿತಾಗಲೇ ತಲೆಗೆ ಸುದ್ದಿ ಮುಟ್ಟಿದ್ದು. ಅಂಗಡಿಯ ಬಾಗಿಲಲ್ಲಿ ಭಾವ ಹಣೆ ಚಚ್ಚಿಕೊಳ್ಳುವುದು ಕಾಣಿಸಿತು.

ಮೇಡಂ ಲೋಟ ಎತ್ತಿದಳು, ಇಳಿಸಿದಳು. ಮುಖ ಕಿವುಚಿದಳು. ಎರಡು ಗುಟುಕು ಉಪ್ಪುನೀರು ಯಾಕೆ ಎಂದು ಆಕೆಗೆ ಅರ್ಥವಾಗಲಿಲ್ಲ. ಕೇಳಿದರೆ ಹೊಸಬಳೆಂದು ನಕ್ಕಾರು ಎಂದು ಸುಮ್ಮನೆ ಲೋಟವನ್ನು ಟಣ್ ಎಂದು ಬೋರಲು ಹಾಕಿದಳು.

ಈಗ ನೋಟವೆಲ್ಲ ಟ್ಯಾಂಕರಣ್ಣನ ಮೇಲೆ. ಕಂಠದ ತನಕ ಸಿಹಿ ಶರಬತ್ತು ತುಂಬಿದ ಲೋಟವನ್ನು ಹಿಡಿದು ಆತ ಬಸ್ಸಿನ ಮೆಟ್ಟಿಲ ಮೇಲೆ ಕುಳಿತ. ತುಟಿ ಒದ್ದೆಯಾಗುವಷ್ಟು ಹೀರಿದ. ನಿಲ್ಲಿಸಿದ. ದೂರದಲ್ಲಿ ನಿಂತಿದ್ದ ಒಂದು ಟೆಂಪೋವನ್ನು ನೋಡಿದ.

ಮೈದಾನವೆಲ್ಲ ಬಸ್ಸಿನ ಸುತ್ತ ನೆರೆಯಿತು. ಟ್ಯಾಂಕರಣ್ಣ ಗುಟುಕರಿಸುತ್ತಿದ್ದಾನೆ!

ಮೇಡಂ ಎರಡೂ ಲೋಟಗಳನ್ನು ನೋಡಿದಳು. ಆಕೆಯ ಲೋಟ ಬೋರಲಾಗಿದೆ. ಆಕೆ ಇನ್ನು ಹಿಂದೆ ಸರಿಯುವಂತಿಲ್ಲ. ಆತನ ಲೋಟ ತುಂಬಿದೆ. ಆತ ಬೆಲೆಯನ್ನು ಎಲ್ಲಿಗೆ ಬೇಕಾದರೂ ಏರಿಸಬಹುದು.

"ಅಣ್ಣಾ, ಏನು ಯೋಚನೆ?" ಎಂದಳು.

ಗುಟುಕು ಇಳಿಯುವ ತನಕ ಮಾತಾಡಬಾರದೆಂದು ಹೆಂಡತಿಯ ಕಟ್ಟಪ್ಪಣೆಯಾಗಿತ್ತು. ಆತ ಬೆರಳೆತ್ತಿ ತಾಳಿ ಎಂದು ಸನ್ನೆ ಮಾಡಿದ. ಒಂದು ಬೆರಳು ಎಂದರೆ ಏನು? ಆಕೆ ತಲೆ ಕೆಡಿಸಿಕೊಂಡಳು.

"ಸರಿ, ಒಂದು ಟಯರು ನಾನೇ ಹಾಕ್ಕೊಳ್ತೀನಿ."

ಆತ ಇನ್ನೊಂದು ಗುಟುಕು ಹೀರಿದ.

"ಎರಡೂ ಹಾಕ್ಕೊಳ್ತೀನಿ ಅಣ್ಣ."

ಸಕ್ಕರೆ ತನ್ನ ಕೆಲಸ ಶುರುಮಾಡಿತು. ಹಣೆಯಲ್ಲಿ ಬೆವರು ಮೂಡಿತು, ಮುಖ ಕೆಂಪಾಯಿತು, ಕಣ್ಣು ಅಗಲವಾಯಿತು. ಆಕೆ ಒಂದು ಹೆಜ್ಜೆ ಹಿಂದೆ ಸರಿದಳು.

"ಕೋಪ ಮಾಡ್ಕೋಬೇಡಿ. ಹಾರ್ನ್ ಬೇಡ. ನಮ್ಮ ಹುಡುಗ್ರು ಕಿಟಕಿಯಿಂದ ಕೂಗ್ತಾರೆ."

"ಎಂಥಾ ಗಟ್ಟಿ ಆಳು!" ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು. "ಒಂದು ಮಾತಿಲ್ಲ, ಬರೀ ಬೆವರಲ್ಲೇ ವ್ಯಾಪಾರ ಮಾಡ್ತಿದ್ದಾನೆ."

"ವೈಪರ್ರೂ ಬೇಡ," ಎಂದಳು ಮೇಡಂ, ಅಳು ಬರುವ ದನಿಯಲ್ಲಿ. "ಮಳೆ ಬಂದ್ರೆ ಕ್ಲಾಸಿಗೆ ರಜಾ ಕೊಡ್ತೀನಿ. ಆಯ್ತಾ?"

ಟ್ಯಾಂಕರಣ್ಣನಿಗೆ ಇದನ್ನು ಕೇಳಲಾಗಲಿಲ್ಲ. ಸುಮ್ಮನಿದ್ದರೆ ಇನ್ನು ಸ್ವಲ್ಪ ಹೊತ್ತಿಗೆ ಆಕೆ ಬಸ್ಸಿನ ಸೀಟುಗಳನ್ನೂ ಬಿಟ್ಟುಕೊಡುತ್ತಿದ್ದಳು. ಅಪ್ಪನ ಜಾಗದಲ್ಲಿ ಕುಳಿತು ಹಾಗೆ ಮಾರಿದವನು ಎಂದು ಹೇಳಿಸಿಕೊಳ್ಳುವುದಕ್ಕಿಂತ ನಗೆಪಾಟಲಾಗುವುದು ವಾಸಿ ಎನ್ನಿಸಿತು. ಗುಟುಕು ಇಳಿಯಿತು.

"ಮೇಡಂ, ಏನೂ ಬಿಟ್ಟುಕೊಡಬೇಡಿ. ಟಯರು, ಹಾರ್ನು, ವೈಪರು ಎಲ್ಲಾ ನಂದೇ. ನಾನು ಬೆಲೆ ಏರಿಸೋಕೆ ಕೂತಿಲ್ಲ. ನನ್ನ ಕೈಲಿ ಕುಡಿಯೋಕೆ ಆಗ್ತಿಲ್ಲ." ಅಂಗಿಯನ್ನು ಎತ್ತಿದ. ಸಡಿಲವಾದ ಹೊಟ್ಟೆಯ ಮೇಲೆ ಸಣ್ಣ ಸಣ್ಣ ಗಾಯದ ಗುರುತುಗಳು. "ಆಪರೇಷನ್ ಮಾಡಿಸಿದೀನಿ. ಒಳಗೆ ಇಷ್ಟೇ ಇರೋದು." ಹೆಬ್ಬೆರಳಿಗೂ ಕಿರುಬೆರಳಿಗೂ ನಡುವೆ ಅಳತೆ ತೋರಿಸಿದ.

"ಬಾಳೆಹಣ್ಣು!" ಎಂದು ಭಾವ ಅಂಗಡಿಯಿಂದಲೇ ಕೂಗಿ ಹೇಳಿದ. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ.

ಮೈದಾನ ನಗಲಿಲ್ಲ. ಅದಕ್ಕೆ ಇನ್ನೂ ನಂಬಿಕೆ ಬಂದಿರಲಿಲ್ಲ. ಮೊದಲು ಚೇತರಿಸಿಕೊಂಡವನು ಮೀಸೆ.

"ಹಾಗಾದ್ರೆ ವ್ಯಾಪಾರ ಮುಗಿಲಿಲ್ಲ! ಒಂದೇ ಉಸಿರಿಗೆ ಕುಡೀದವನು ದಲ್ಲಾಳಿನೇ ಅಲ್ಲ. ತಾತ, ಗೇಟು ಹಾಕಿ. ಹೊತ್ತಾಯ್ತು. ಜಾಗ ನಂದು."

ಗೇಟಿನ ತಾತನ ಮಾತೇ ಅಲ್ಲಿ ಕೊನೆಯದು. ಗೇಟು ತೆಗೆಯುವುದು, ಹಾಕುವುದು, ನಡುವೆ ತೂಕಡಿಸುವುದು ಅವರ ಕೆಲಸ. ಅವರು ಎದ್ದು ಬಂದು ಲೋಟದೊಳಗೆ ಇಣುಕಿದರು.

"ಖಾಲಿ ಆಗ್ಬೇಕು ಅಂತ ಇದೆ. ಎಷ್ಟು ಹೊತ್ತಲ್ಲಿ ಅಂತ ಯಾರೂ ಹೇಳಿಲ್ಲ," ಎಂದರು. "ನೀವೆಲ್ಲ ಆತುರಗಾರರು, ಅದಕ್ಕೆ ಒಂದೇ ಉಸಿರು. ಈ ಲೋಟ ಬೋರಲಾಗೋ ತನಕ ಇವತ್ತಿನ ವ್ಯಾಪಾರ ಮುಗಿದಿಲ್ಲ. ವ್ಯಾಪಾರ ಮುಗೀದೆ ನಾನು ಗೇಟು ಹಾಕಲ್ಲ. ಗೇಟು ಹಾಕೋ ತನಕ ಯಾರೂ ಹೋಗೋ ಹಾಗಿಲ್ಲ. ಸಾಕ್ಷಿ ಬೇಕಲ್ಲ?"

"ತಾತ, ಅವನು ನಾಳೆ ಬೆಳಗ್ಗೆವರೆಗೂ ಕುಡೀತಾನೆ!"

"ಕುಡೀಲಿ. ನಂಗೇನು, ನಿದ್ದೆ ಎಲ್ಲಾದ್ರೂ ಬರುತ್ತೆ."

ಹೀಗೆ ಇಡೀ ಮೈದಾನ ಟಯರುಗಳ ಮೇಲೆ ಕುಳಿತು ಒಬ್ಬ ಮನುಷ್ಯ ಶರಬತ್ತು ಕುಡಿದು ಮುಗಿಸುವುದನ್ನು ಕಾಯತೊಡಗಿತು. ಪ್ರತಿ ಗುಟುಕಿಗೂ ಕತ್ತು ಚಾಚಿ ಲೋಟದಲ್ಲಿ ಎಷ್ಟು ಇಳಿಯಿತು ಎಂದು ನೋಡಿದರು. ಅರ್ಧಕ್ಕೆ ಬಂದಾಗ ಕೆಲವರು ಚಪ್ಪಾಳೆ ತಟ್ಟಿದರು. ಟ್ಯಾಂಕರಣ್ಣ ಸೀನಿದ, ಯಾರೋ ಕರ್ಚೀಫು ಕೊಟ್ಟರು. ಎದೆ ಡೋಲಾಗಿತ್ತು. ಆದರೂ ಲೋಟ ಬಿಡಲಿಲ್ಲ.

ಅಷ್ಟರಲ್ಲಿ ಹೆಂಡತಿ ಬಂದಳು. ಸಂಜೆಯ ಪ್ರೋಟೀನ್ ಪುಡಿಯ ಹೊತ್ತು ಮೀರಿತ್ತು, ಫೋನು ಎತ್ತಿರಲಿಲ್ಲ. ಆಕೆ ಗುಂಪನ್ನು ಸೀಳಿಕೊಂಡು ಬಂದಳು. ಲೋಟವನ್ನು ನೋಡಿದಳು, ಗಂಡನ ಬೆವರನ್ನು ನೋಡಿದಳು, ಲೋಟದಲ್ಲಿ ಬೆರಳದ್ದಿ ನೆಕ್ಕಿದಳು.

"ಸಕ್ಕರೆ!" ಎಂದಳು. ಶಿಶುವಿಹಾರದಲ್ಲಿ ಆ ದನಿಗೆ ಗೋಡೆಯ ಚಿತ್ರಗಳೂ ನೆಟ್ಟಗಾಗುತ್ತಿದ್ದವು. "ಯಾರು ಕೊಟ್ಟಿದ್ದು?"

ಭಾವ ಅಂಗಡಿಯೊಳಗೆ ಕುಳಿತುಬಿಟ್ಟ. ಮೀಸೆ ತನ್ನ ಮೀಸೆಯನ್ನು ಕೈಯಿಂದ ಮುಚ್ಚಿಕೊಂಡ.

"ಚೆಲ್ಲೋ ಹಾಗಿಲ್ಲ ಕಣೇ," ಎಂದು ಟ್ಯಾಂಕರಣ್ಣ ಲೋಟವನ್ನು ಎದೆಗೆ ಅವಚಿಕೊಂಡ. "ಅಪ್ಪನ ಜಾಗ."

ಆಕೆ ಒಂದು ಗಳಿಗೆ ಆತನ ಮುಖ ನೋಡಿದಳು. ಆಮೇಲೆ ಚೀಲದಿಂದ ನೀರಿನ ಬಾಟಲಿ ತೆಗೆದು, ಅರ್ಧಕ್ಕೆ ಇಳಿದಿದ್ದ ಲೋಟಕ್ಕೆ ಕಂಠದ ತನಕ ನೀರು ಸುರಿದಳು.

"ತೆಳ್ಳಗಾಯ್ತು. ಈಗ ಕುಡೀರಿ."

ಮೈದಾನದ ಎಲ್ಲ ಗಂಟಲುಗಳಿಂದ ಒಂದೇ ನರಳಾಟ ಹೊರಟಿತು. ಯಾರೋ ಟಯರಿನ ಮೇಲಿಂದ ಹಿಂದಕ್ಕೆ ಉರುಳಿದರು.

"ಅಕ್ಕಾ! ಒಂದು ಗಂಟೆಯಿಂದ ಕಾಯ್ತಿದೀವಿ ಅಕ್ಕಾ!"

"ಕಾಯೋದು ಒಳ್ಳೆಯ ಅಭ್ಯಾಸ," ಎಂದಳು ಆಕೆ. ಟೀಚರು. ಚೀಲದಿಂದ ಔಷಧಿಯ ಮುಚ್ಚಳ ತೆಗೆದು, ಗಂಡನ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕುಳಿತು, ಮುಚ್ಚಳಕ್ಕೆ ಸುರಿದು ಸುರಿದು ಕೊಡತೊಡಗಿದಳು. "ಹೀರಿ. ನಿಲ್ಲಿಸಿ. ಉಸಿರಾಡಿ. ಆ ಟೆಂಪೋ ಯಾಕೆ ನೋಡ್ತೀರಿ, ನನ್ನ ನೋಡಿ."

ಸ್ವಲ್ಪ ಹೊತ್ತಿಗೆ ಬೆವರು ಆರಿತು. ಡ್ರೈವಿಂಗ್ ಸ್ಕೂಲಿನ ಮೇಡಂ ಬಂದು ಆಕೆಯ ಪಕ್ಕದಲ್ಲಿ ಕುಳಿತು, ತನ್ನ ನಾದಿನಿಗೂ ಇಂಥದ್ದೇ ಆಪರೇಷನ್ ಹೇಳಿದ್ದಾರೆಂದು ವಿಚಾರಿಸಿದಳು. ಕೂದಲು ಉದುರುತ್ತದಾ, ಮದುವೆ ಮನೆಗೆ ಹೋದರೆ ಏನು ಮಾಡುವುದು, ಸೀರೆ ಎಲ್ಲ ಏನು ಮಾಡುವುದು. ಹೆಂಡತಿ ಎಲ್ಲಕ್ಕೂ ಉತ್ತರ ಹೇಳಿದಳು, ಮುಚ್ಚಳದ ಲಯ ತಪ್ಪಿಸಲಿಲ್ಲ.

ಮೀಸೆ ಗೇಟಿಗೂ ಬಸ್ಸಿಗೂ ನಡುವೆ ಶತಪಥ ತಿರುಗುತ್ತಿದ್ದ. ಆತನ ಮನೆಯಲ್ಲಿ ಅತ್ತೆ ಬಂದು ಕುಳಿತಿದ್ದಳು. ತಡವಾದರೆ ಅತ್ತೆಯ ಬಾಯಿಗೆ ಯಾವ ಗೇಟೂ ಇರಲಿಲ್ಲ. ಕೊನೆಗೆ ತಾತನ ಮುಂದೆ ಬಂದು ನಿಂತ.

"ತಾತ, ಜಾಗ ಅವನಿಗೇ ಬಿಟ್ಟೆ. ನನ್ನ ಮನೆಗೆ ಬಿಡಿ."

"ಲೋಟ ಬೋರಲಾಗ್ಲಿ," ಎಂದರು ತಾತ, ಕಣ್ಣು ತೆರೆಯದೆ.

ಮೀಸೆ ಪೆಚ್ಚುಮೋರೆ ಹಾಕಿಕೊಂಡು ಮೆಟ್ಟಿಲ ಬಳಿಗೆ ಬಂದು ಕುಕ್ಕರಗಾಲಲ್ಲಿ ಕುಳಿತ. "ಅಣ್ಣ, ಹಸಿವಾಗಲ್ವಾ ನಿಂಗೆ?" ಎಂದು ಕೇಳಿದ. ಈ ಸಲ ದನಿಯಲ್ಲಿ ಕುಹಕವಿರಲಿಲ್ಲ. ಆತನಿಗೇ ಹೊಟ್ಟೆ ಚುರುಗುಟ್ಟುತ್ತಿತ್ತು.

"ಹೊಟ್ಟೆಗಿಲ್ಲ. ಬಾಯಿಗೆ ಆಗುತ್ತೆ," ಎಂದ ಟ್ಯಾಂಕರಣ್ಣ. "ನಿನ್ನ ಮೀಸೆ ನೋಡಿದ್ರೂ ಶಾವಿಗೆ ನೆನಪಾಗುತ್ತೆ."

"ಮಾತಾಡ್ಬೇಡಿ," ಎಂದಳು ಹೆಂಡತಿ. "ಹೀರಿ."

ಕತ್ತಲು ಕವಿದು ಎಷ್ಟೋ ಹೊತ್ತಾದ ಮೇಲೆ ಲೋಟ ಖಾಲಿಯಾಯಿತು. ಟ್ಯಾಂಕರಣ್ಣ ಎದ್ದು ಅದನ್ನು ಬಸ್ಸಿನ ಮೂತಿಯ ಮೇಲೆ ಬೋರಲು ಹಾಕಿದ. ತಾತ ಗೇಟು ಹಾಕಿದರು. ಗೇಟಿನ ಪಕ್ಕದ ಜಾಗ ಆತನದಾಗಿಯೇ ಉಳಿಯಿತು.